ಬರಿಗೈಯಲ್ಲಿ ಬಂದಿದ್ದರೆ

ನಮ್ಮ ಬೈಲಹೊಂಗಲದ ಕಡೆ ಸನ್ಮಾನಕ್ಕೇನೂ ಬರವಿಲ್ಲ. ಚುನಾವಣೆ ಗೆದ್ದವರಿಗೆ ಶಾಲು, ಸೋತವರ ಸಮಾಧಾನಕ್ಕೊಂದು ಶಾಲು, ನಿವೃತ್ತರಾದವರಿಗೆ ಶಾಲು, ಅವರ ಜಾಗಕ್ಕೆ ವರ್ಗವಾಗಿ ಬಂದವರಿಗೂ ಶಾಲು. ನಾನು ಶಾಲೆಯ ಶಿಕ್ಷಕಿ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂಡಿಸಿ, ಕಣ್ಣಲ್ಲೇ ಹೆದರಿಸಿ ಚಪ್ಪಾಳೆ ಹೊಡೆಸುವ ಕೆಲಸ ನನ್ನದು. ಹೊಡೆಸಿದ್ದೇನೆ. ಪ್ರತಿ ಸಲವೂ ಮೈ ಉರಿದಿದೆ. ನಿರೂಪಣೆ ಮಾಡುವವನು ‘ಪ್ರಾಣದ ಹಂಗು ತೊರೆದು’ ಎಂದು ಬಾಯಿತುಂಬ ಹೇಳಿದಾಗಂತೂ ಎದ್ದು ಹೋಗಿ ಅವನ ಕೈಯಿಂದ ಮೈಕು ಕಸಿದುಕೊಳ್ಳಬೇಕು ಎನಿಸಿದೆ.

ಎದ್ದಿಲ್ಲ. ಅಪ್ಪನಿಗೆ ಮಾತು ಕೊಟ್ಟಿದ್ದೆ. ಈಗ ಅಪ್ಪ ಇಲ್ಲ. ಯಾರ ಸಲುವಾಗಿ ಬಾಯಿ ಕಟ್ಟಿಕೊಂಡಿದ್ದೆವೋ ಆ ಹೆಣ್ಣುಮಗಳೂ ಈಚೆಗೆ ತೀರಿಕೊಂಡಳು. ಆಕೆಯ ಮಗಳನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿ, ಬರೆಯಲೇನವ್ವಾ ಎಂದು ಕೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ‘ಬರೀರಿ, ಆದ್ರ ಯಾರ ಹೆಸರೂ ಹಾಕಬ್ಯಾಡ್ರಿ’ ಎಂದಳು. ಹಾಕುವುದಿಲ್ಲ. ಅಪ್ಪನ ಹೆಸರನ್ನೂ ಹಾಕುವುದಿಲ್ಲ.

ನಮ್ಮದು ದೊಡವಾಡದ ಸಾಬರ ಓಣಿಯ ಕೊನೆಯ ಮನೆ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅಪ್ಪನನ್ನು ‘ಅಬ್ಬಾ’ ಎಂದು ಕೂಗುತ್ತಿದ್ದೆವು, ಆದರೆ ಬರೆಯಲು ಕುಳಿತರೆ ನನ್ನ ಕೈಗೆ ಅಪ್ಪ ಎಂದೇ ಬರುತ್ತದೆ. ಅಪ್ಪ ಕಲಾಯಿ ಹಾಕುವವನು. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಅರಿವೆಯಿಂದ ಒರೆಸಿದನೆಂದರೆ ಕಪ್ಪಾಗಿದ್ದ ಹಂಡೆಯೊಳಗೆ ಬೆಳ್ಳಿಯ ಬೆಳಕು ಬರುತ್ತಿತ್ತು. ಆ ಹೊಗೆ ಕುಡಿದು ಕುಡಿದು ಅವನಿಗೆ ಸದಾ ಕೆಮ್ಮು. ಆದರೆ ನೀರಿಗಿಳಿದರೆ ಆ ಕೆಮ್ಮುವ ಎದೆ ಹೇಗೆ ಉಸಿರು ಹಿಡಿಯುತ್ತಿತ್ತೋ, ದೇವರೇ ಬಲ್ಲ. ಹುಟ್ಟಿದ್ದು ರಾಮದುರ್ಗದಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ‘ನಡಿಯೂದು ಆಮ್ಯಾಲ ಕಲತೆ, ಮೊದಲ ಈಸೂದು’ ಎನ್ನುತ್ತಿದ್ದ. ಅದೊಂದೇ ಅವನು ಕೊಚ್ಚಿಕೊಳ್ಳುತ್ತಿದ್ದ ಮಾತು.

ನಮ್ಮ ಮನೆಯಲ್ಲಿ ಪಾತಾಳಗರಡಿ ಇತ್ತು. ಈಗಿನವರಿಗೆ ಹೇಳಬೇಕು: ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳನ್ನು ಜೋಲು ಬಿಟ್ಟ ಸಾಮಾನು ಅದು. ಬಾವಿಯಲ್ಲಿ ಕೊಡ, ಬಕೀಟು ಕಳಚಿ ಬಿದ್ದರೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ತಳದಲ್ಲಿ ಆಡಿಸಿ ಆಡಿಸಿ ಮೇಲಕ್ಕೆ ಎತ್ತುವುದು. ಊರಿಗೆಲ್ಲ ಅದೊಂದೇ. ಅದನ್ನು ಒಯ್ಯಬೇಕಾದರೆ ಒಂದು ತಂಬಿಗೆ ತಂದು ನಮ್ಮ ಕಟ್ಟೆಯ ಮೇಲೆ ಇಡಬೇಕು. ತಿರುಗಿ ತಂದುಕೊಟ್ಟಾಗ ತಂಬಿಗೆ ಒಯ್ಯಬೇಕು. ಒತ್ತೆ ಇಲ್ಲದಿದ್ದರೆ ಜನ ಮರೆತು ಹಿತ್ತಿಲಲ್ಲೇ ಒಗೆದುಬಿಡುತ್ತಾರೆ ಎಂದು ಅಜ್ಜ ಈ ಊರಿಗೆ ಬಂದು ನೆಲೆಸಿದಾಗ ಮಾಡಿದ ಕಟ್ಟಳೆ. ಆಮೇಲೆ ಅದಕ್ಕೆ ಹೆದರಿಕೆಯೂ ಅಂಟಿಕೊಂಡಿತು: ಬರಿಗೈಯಲ್ಲಿ ಕೊಟ್ಟರೆ ಬಾವಿ ಇನ್ನೊಂದನ್ನು ಬೇಡುತ್ತದೆ ಎಂದು ಊರಿನ ಮುದುಕಿಯರೇ ಹೇಳುತ್ತಿದ್ದರು. ಅಮ್ಮ ಈ ವಿಷಯದಲ್ಲಿ ಬಲು ನಿಷ್ಠುರ. ಗೌಡರ ಮನೆಯವರು ಬಂದರೂ ‘ತಂಬಿಗಿ ತಂದೀರೇನ್ರಿ?’ ಎಂದೇ ಕೇಳುತ್ತಿದ್ದಳು. ಮರೆತು ಬಂದವರು ನಗುತ್ತ ಮನೆಗೆ ಹೋಗಿ ತರುತ್ತಿದ್ದರು. ಅದನ್ನು ಕೊಳೆಯಾಗಿ ತರಬಾರದು, ತೊಳೆದು ತರಬೇಕು. ಒಬ್ಬರ ಮನೆಯಲ್ಲಿ ಇಡುವ ಪಾತ್ರೆ ಅಲ್ಲವೇ.

ಆದರೆ ಇದೆಲ್ಲ ಕೊಡ ಬಕೀಟುಗಳ ಮಾತು. ಮನುಷ್ಯರು ಬಿದ್ದರೆ ತಂಬಿಗೆಯೂ ಇಲ್ಲ, ಗಿಂಬಿಗೆಯೂ ಇಲ್ಲ. ಓಣಿಯ ತುದಿಯಲ್ಲಿ ‘ಕಾಕಾ!’ ಎಂದು ಕೂಗು ಎದ್ದರೆ ಸಾಕು, ಒಲೆಯ ಮೇಲಿನ ಪಾತ್ರೆ ಒಲೆಯ ಮೇಲೆ, ಕೈಯ ಇಕ್ಕಳ ಅಂಗಳದಲ್ಲಿ, ಅಪ್ಪ ಓಡಿರುತ್ತಿದ್ದ. ಆ ಕೂಗು ಬೇರೆಯೇ ಇರುತ್ತಿತ್ತು. ಕೊಡ ಬಿದ್ದವರು ಹಾಗೆ ಕೂಗುವುದಿಲ್ಲ.

ಎಷ್ಟು ಜನರನ್ನು ಎತ್ತಿದನೋ, ಅವನೂ ಎಣಿಸಲಿಲ್ಲ, ನಾವೂ ಎಣಿಸಲಿಲ್ಲ. ಈಸಲು ಹೋಗಿ ಕೈಸೋತವರು, ಮೋಟಾರು ಇಳಿಸಲು ಹೋಗಿ ಜಾರಿದವರು. ಹೆಚ್ಚಿನವರು ಹೆಣ್ಣುಮಕ್ಕಳು, ಅವರು ಜಾರಿ ಬಿದ್ದವರಲ್ಲ. ಒಬ್ಬಾಕೆಯನ್ನು ಕೂದಲು ಹಿಡಿದು ಮೇಲೆ ತಂದಾಗ ಬಾಯಿಂದ ನೀರು ಕಾರುತ್ತ, ‘ಯಾಕ ಎತ್ತಿದಿ ನನ್ನ? ನಿನಗ ಯಾರ ಹೇಳಿದ್ರು?’ ಎಂದು ಅಪ್ಪನ ಕೈ ಕಚ್ಚಿದಳು. ಕಚ್ಚಿದ ಗುರುತು ಬಹಳ ದಿನ ಇತ್ತು. ಆಕೆಯ ಅತ್ತೆ ಮಾವ ಬಂದು ಏನಾಯಿತು ಎಂದು ಕೇಳಿದಾಗ ಅಪ್ಪ ಅಂಗಿ ಹಿಂಡಿಕೊಳ್ಳುತ್ತ, ‘ಪಾಚಿ ಭಾಳ ಆಗೇತ್ರಿ, ಕಾಲ ಜಾರಿ ಬಿದ್ದಾಳ. ಆಕಿಗೆ ಏನೂ ಅನಬ್ಯಾಡ್ರಿ’ ಎಂದ. ಪಂಚಾಯ್ತಿಯವರು ಕೇಳಿದರೂ ಅದೇ, ಪೊಲೀಸರು ಕೇಳಿದರೂ ಅದೇ. ನಮ್ಮೂರ ಬಾವಿಗಳಷ್ಟು ಪಾಚಿ ಲೋಕದಲ್ಲೇ ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ಛಡಿ ಏಟು ಕೊಡುತ್ತಿದ್ದ ಮನುಷ್ಯ ಅವರಿಗಾಗಿ ಕಣ್ಣು ಪಿಳುಕಿಸದೆ ಸುಳ್ಳು ಹೇಳುತ್ತಿದ್ದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿಗೆ ನಳ ಬಂತು. ನಳ ಬಂದದ್ದೇ ಬಾವಿಗಳು ಅನಾಥವಾದವು. ನೀರು ಸೇದುವ ಗಡಗಡಿ ಕಳಚಿಕೊಂಡು ಹೋದರು, ದಂಡೆಯ ಕಲ್ಲು ಕಿತ್ತು ದನದ ಮನೆಗೆ ಹಾಕಿಕೊಂಡರು. ಸ್ಟೀಲ್ ಪಾತ್ರೆ ಬಂದು ಕಲಾಯಿಯೂ ಕುಂಟಿತು. ಅಪ್ಪನ ಬಾವಿಗಿಳಿಯುವ ಕೆಲಸ ಮಾತ್ರ ಹೆಚ್ಚಾಯಿತು, ಯಾಕೆಂದರೆ ದಂಡೆ ಇಲ್ಲದ ಬಾವಿಗೆ ಬೀಳುವುದು ಸುಲಭ. ‘ಒಂದ ಮುಚ್ಚರಿ, ಇಲ್ಲಾ ಒಂದ ಗ್ವಾಡಿ ಕಟ್ಟಿರಿ’ ಎಂದು ಪಂಚಾಯ್ತಿಯ ಬಾಗಿಲಿಗೆ ಅಲೆದು ಅಲೆದು ಚಪ್ಪಲಿ ಹರಿದುಕೊಂಡ. ಮುಚ್ಚಲೂ ಇಲ್ಲ, ಕಟ್ಟಲೂ ಇಲ್ಲ. ಬದಲಿಗೆ ಅವನಿಗೆ ಸನ್ಮಾನ ಮಾಡುತ್ತೇವೆ ಎಂದರು.

ಬೈಲಹೊಂಗಲದ ಯಾವುದೋ ತರುಣರ ಸಂಘ. ಗಣರಾಜ್ಯೋತ್ಸವದ ದಿನ ಸಮಾರಂಭ. ಮೋಟಾರ್ ಸೈಕಲ್ಲಿನ ಮೇಲೆ ಬಂದು ಅಪ್ಪನನ್ನು ಕಲಾಯಿ ಒಲೆಯ ಮುಂದೆ ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಅಪ್ಪನಿಗೆ ನಾಚಿಕೆ, ಅಮ್ಮನಿಗೆ ಹಿಗ್ಗು. ನಾನು ಆಗ ಶಿಕ್ಷಕರ ತರಬೇತಿ ಮುಗಿಸಿ ನೌಕರಿಯ ದಾರಿ ಕಾಯುತ್ತ ಮನೆಯಲ್ಲಿದ್ದೆ. ಅಪ್ಪನಿಗೆ ಹೊಸ ಅಂಗಿ ಹೊಲಿಸುವುದಕ್ಕೆ ಅಳತೆ ಕೊಡಿಸಿ ಬಂದೆ. ಸುಳ್ಳೇಕೆ ಹೇಳಲಿ, ಊರಲ್ಲೆಲ್ಲ ಎದೆ ಸೆಟೆಸಿಕೊಂಡು ತಿರುಗಿದೆ.

ಸಮಾರಂಭಕ್ಕೆ ಇನ್ನೂ ಕೆಲವು ವಾರಗಳಿದ್ದವು. ಜೋಳ ತೆನೆ ಬಿಟ್ಟಿತ್ತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಕಾಲ. ಊರ ಗಂಡಸರು ಅರ್ಧಕ್ಕರ್ಧ ಟ್ರ್ಯಾಕ್ಟರಿನ ಬೆನ್ನು ಹತ್ತಿ ಹೋಗಿದ್ದರು, ಉಳಿದವರೆಲ್ಲ ಹೊಲದಲ್ಲಿ. ಹೊತ್ತು ನೆತ್ತಿಯ ಮೇಲಿತ್ತು. ಅಪ್ಪ ಅಂಗಳದಲ್ಲಿ ಹಿಟ್ಟು ನಾದುವ ಒಂದು ಹಳೆಯ ಪರಾತಕ್ಕೆ ಕಲಾಯಿ ಹಾಕುತ್ತಿದ್ದ, ನಾನು ತಿದಿ ಒತ್ತುತ್ತಿದ್ದೆ.

ಊರ ಹೊರಗಿನ ಒಂಟಿ ಮನೆಯ ಸೊಸೆ ಬಂದಳು. ಎಲ್ಲಮ್ಮನ ಗುಡ್ಡದ ಕಡೆ ಉಗರಗೋಳದಿಂದ ನಮ್ಮೂರಿಗೆ ಕೊಟ್ಟ ಹೆಣ್ಣುಮಗಳು. ನನಗಿಂತ ಸ್ವಲ್ಪ ದೊಡ್ಡವಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಆಗತಾನೇ ಓಡಾಡಲು ಕಲಿತಿದ್ದ ಒಬ್ಬ ಗಂಡುಮಗು. ಹೊಸದಾಗಿ ಬಂದಾಗ ಎರಡು ಸಲ ಕೊಡ ಬೀಳಿಸಿಕೊಂಡು ಪಾತಾಳಗರಡಿಗೆ ಬಂದಿದ್ದಳು. ನಮ್ಮೂರ ಕಟ್ಟಳೆ ಗೊತ್ತಿರದೆ ಎರಡು ಸಲವೂ ಬರಿಗೈಯಲ್ಲಿ ಬಂದು, ಎರಡು ಸಲವೂ ಅಮ್ಮ ಆಕೆಯನ್ನು ತಂಬಿಗೆ ತರಲು ತಿರುಗಿ ಕಳಿಸಿದ್ದಳು. ಎರಡನೆಯ ಸಲ ‘ಉಗರಗೋಳದಾಗ ಇದನ್ನ ಕಲಿಸಿಲ್ಲೇನವ್ವಾ ನಿಮ್ಮವ್ವ?’ ಎಂದು ಚೇಷ್ಟೆ ಮಾಡಿದ್ದಳು. ಎಲ್ಲರೂ ನಕ್ಕಿದ್ದರು. ಆಕೆ ಮುಖ ಕೆಂಪಾಗಿಸಿಕೊಂಡು ಹೋಗಿದ್ದಳು.

ಈ ಸಲ ಆಕೆಯ ಕೈಯಲ್ಲಿ ತಂಬಿಗೆ ಇತ್ತು. ಹಿತ್ತಾಳೆಯದು. ಈಗಷ್ಟೇ ತೊಳೆದದ್ದು, ನೀರು ತೊಟ್ಟಿಕ್ಕುತ್ತಿತ್ತು. ಎರಡೂ ಕೈಯಿಂದ ಅಪ್ಪನ ಮುಂದೆ ಹಿಡಿದಳು. ಓಡಿಬಂದು ಉಸಿರು ನಿಲ್ಲುತ್ತಿರಲಿಲ್ಲ.

‘ಕಾಕಾ, ಪಾತಾಳಗರಡಿ ಕೊಡ್ರಿ. ತಂಬಿಗಿ ತಂದೇನಿ.’

‘ಕೊಟ್ಟೇನವ್ವಾ, ಕುಂದರು. ಏನ ಬಿತ್ತು, ಕೊಡಾನ?’

ಆಕೆ ತಂಬಿಗೆಯನ್ನು ಇನ್ನೂ ಮುಂದಕ್ಕೆ ಚಾಚಿದಳು. ಆಮೇಲೆ, ‘ಹುಡುಗ’ ಎಂದಳು.

ಅಪ್ಪ ಹೇಗೆ ಎದ್ದನೋ ಗೊತ್ತಿಲ್ಲ, ಪರಾತ ಉರುಳಿ ಕೆಂಡ ಅಂಗಳದ ತುಂಬ ಚೆಲ್ಲಿತು. ನಾನು ಪಾತಾಳಗರಡಿ, ಹಗ್ಗ ಎರಡನ್ನೂ ಎಳೆದುಕೊಂಡು ಹಿಂದೆ ಓಡಿದೆ. ಆಕೆಯ ಮನೆಯ ಹಿತ್ತಿಲ ಹಾಳುಬಾವಿ. ದಂಡೆ ಇಲ್ಲ, ಸುತ್ತ ಜಾಲಿಕಂಟಿ. ಅಪ್ಪ ನಿಂತು ನೋಡಲಿಲ್ಲ, ಓಡಿದ ರಭಸದಲ್ಲೇ ಹಾರಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮೂರನೆಯ ಸಲ ಎದ್ದಾಗ ಕೈಯಲ್ಲಿ ಹುಡುಗನಿದ್ದ. ಹಗ್ಗ ಇಳಿಬಿಟ್ಟು ಎಳೆದುಕೊಂಡೆವು.

ಆ ಮಗುವಿನ ಮೈ ಇನ್ನೂ ಬೆಚ್ಚಗಿತ್ತು. ಅದನ್ನು ನಾನೇ ಮುಟ್ಟಿ ನೋಡಿದ್ದೇನೆ. ಅಪ್ಪ ಬೋರಲು ಹಾಕಿದ, ನೀರು ತೆಗೆದ, ಬಾಯಿಗೆ ಬಾಯಿ ಇಟ್ಟು ಊದಿದ, ಎದೆ ಒತ್ತಿದ. ಹೊಲದಿಂದ ಜನ ಓಡಿಬಂದು ಸುತ್ತ ನಿಂತರು. ಅಪ್ಪ ಊದುತ್ತಲೇ ಇದ್ದ. ನಡುನಡುವೆ ಕೆಮ್ಮು ಬಂದು ಅವನೇ ನೆಲಕ್ಕೆ ಬಾಗಿ ಮತ್ತೆ ಊದುತ್ತಿದ್ದ. ಕಡೆಗೆ ಯಾರೋ ಹಿರಿಯರು ಅವನ ಹೆಗಲು ಹಿಡಿದು ಹಿಂದಕ್ಕೆ ಎಳೆದರು. ಗುಂಪಿನಲ್ಲಿದ್ದ ಒಬ್ಬ ಮಹಾರಾಯ, ಅವನ ನಾಲಿಗೆಗೆ ಏನಾಗಿತ್ತೋ, ‘ಮೈ ಇನ್ನಾ ಬೆಚ್ಚಗೈತಿ ನೋಡ್ರಿ. ಒಂದೀಟ ಲಗೂನ ಬಂದಿದ್ರ ಉಳೀತಿತ್ತು’ ಎಂದ.

ಆಕೆ ಅಳುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ನಾನು ನೋಡುತ್ತಿದ್ದೆ. ಆಕೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

ಮರುದಿನ ಆಕೆಯ ಮನೆಗೆ ಹೋದ ಹೆಂಗಸರಿಂದ ನಮಗೆ ಎಲ್ಲ ತಿಳಿಯಿತು. ಹುಡುಗ ಬಿದ್ದ ಸಪ್ಪಳ ಕೇಳಿ ಆಕೆ ಹಿತ್ತಿಲಿಗೆ ಓಡಿದ್ದಳು. ನೀರಲ್ಲಿ ಕೈ ಆಡುವುದು ಕಂಡಿತ್ತು. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ಈಸು ಬಾರದು. ಕಾಕಾನ ಮನೆಗೆ ಓಡಬೇಕು ಎಂದುಕೊಂಡಳು, ಓಡುವ ಮೊದಲು ತಂಬಿಗೆ ಬೇಕು ಎಂದುಕೊಂಡಳು. ತಂಬಿಗೆಯಲ್ಲಿ ಹುಡುಗನಿಗೆಂದು ಕಾಯಿಸಿಟ್ಟ ಹಾಲಿತ್ತು. ಅದನ್ನು ಚೆಲ್ಲಲಿಲ್ಲ; ಮೇಲೆ ಬಂದ ಮೇಲೆ ಅವನಿಗೆ ಹಸಿವಾಗುತ್ತದಲ್ಲ, ಬೇರೆ ಪಾತ್ರೆಗೆ ಸುರಿದು ಮುಚ್ಚಿಟ್ಟಳು. ಜಿಡ್ಡಾಗಿದೆ ಎಂದು ಬೂದಿ ಹಚ್ಚಿ ತೊಳೆದಳು. ತೊಳೆದು, ಓಡಿ ಬಂದಳು. ಬೇರೆ ಊರಿನವರು ಕೇಳಿದರೆ ಹುಚ್ಚಿ ಎಂದಾರು. ಆಕೆ ಹುಚ್ಚಿಯಲ್ಲ. ಊರ ಹೊರಗಿನ ಮನೆ, ಮನುಷ್ಯರು ಬಿದ್ದರೆ ಒತ್ತೆ ಬೇಕಿಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಎರಡು ಸಲ ತಿರುಗಿ ಕಳಿಸಿದ್ದೆವು, ಮೂರನೆಯ ಸಲ ತಿರುಗಿ ಕಳಿಸಿದರೆ ಹುಡುಗ ಹೋಗುತ್ತಾನೆ ಎಂದು ಹೆದರಿದ್ದಳು. ಬುದ್ಧಿ ಓಡಿಸಿಯೇ ಮಾಡಿದ್ದು ಅದು.

ಈ ಮಾತು ಕೇಳಿದಾಗ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು, ಯಾರೂ ತೆಗೆಯಲಿಲ್ಲ.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ಆಕೆಯ ಓರಗಿತ್ತಿ ತಲೆ ಬಿಚ್ಚಿಕೊಂಡು ನಮ್ಮ ಮನೆಗೆ ಓಡಿ ಬಂದಳು. ‘ಕಾಕಾ, ಬಾಂವಿ ಬಾಯಿಗೆ ನಿಂತಾಳ. ಯಾರರ ಹತ್ತರ ಹೋದ್ರ ಹಾರತೇನಿ ಅಂತಾಳ. ಬರ್ರಿ!’

ನಾವು ಹೋದಾಗ ಅತ್ತೆ ಮಾವ, ಗಂಡ, ನಾಲ್ಕಾರು ಜನ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಆಕೆ ಅದೇ ಬಾವಿಯ ಅಂಚಿನಲ್ಲಿ ನಿಂತಿದ್ದಳು, ಕಾಲ್ಬೆರಳು ಹೊರಗೆ ಚಾಚಿದ್ದವು. ಅಲ್ಲಿಂದ ಹಾರಿದರೆ ಕೆಳಗೆ ಹೂತು ನಿಂತ ಕಲ್ಲುಗಳಿದ್ದವು. ಅಪ್ಪ ಅವತ್ತು ಹಾರಿದ್ದ ನೀರು ಆಚೆ ಮಗ್ಗುಲಿಗೆ ಮಾತ್ರ. ಈ ಸಲ ಈಸು ಬಂದರೂ ಉಪಯೋಗವಿಲ್ಲ ಎಂಬುದು ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಕೈ ಹಿಡಿದು ನಿಲ್ಲಿಸಿ ತಾನೊಬ್ಬನೇ ಸ್ವಲ್ಪ ಮುಂದೆ ಹೋದ.

‘ಅಲ್ಲೇ ನಿಂದರ್ರಿ ಕಾಕಾ.’

‘ಬರೂದಿಲ್ಲವ್ವಾ. ಇಲ್ಲೇ ಕುಂದರತೇನಿ ನೋಡು.’ ಅಪ್ಪ ಜಾಲಿಮುಳ್ಳಿನ ನೆಲದ ಮೇಲೆ ಕುಳಿತ.

‘ನಾನ ಕೊಂದೆ ಅವನ್ನ. ಹಾಲು ತಗದಿಟ್ಟೆ. ತಂಬಿಗಿ ತಿಕ್ಕಿ ತೊಳದೆ. ಅವ ನೀರಾಗ ಕೈ ಬಡೀತಿದ್ದ, ನಾ ತಂಬಿಗಿ ತೊಳೀತಿದ್ದೆ.’ ಆಕೆಯ ದನಿಯಲ್ಲಿ ಅಳು ಇರಲಿಲ್ಲ, ಅದೇ ಭಯವಾಗುವಂತಿತ್ತು. ‘ಒಂದ ಮಾತ ಖರೇ ಹೇಳ್ರಿ ಕಾಕಾ. ನಾ ಬರೇ ಕೈಲೆ ಬಂದಿದ್ರ ನೀವು ಬರತಿದ್ರೇನು?’

ಬರುತ್ತಿದ್ದ. ದೂರದಿಂದಲೇ ಕೂಗಿದ್ದರೆ ಎದುರಿಗೆ ಓಡಿ ಬರುತ್ತಿದ್ದ. ಅಲ್ಲಿ ನಿಂತ ಒಬ್ಬೊಬ್ಬರಿಗೂ ಅದು ಗೊತ್ತಿತ್ತು. ಜನ್ಮವೆಲ್ಲ ಅವನು ಮಾಡಿದ್ದು ಅದನ್ನೇ. ಅಪ್ಪ ತಲೆ ತಗ್ಗಿಸಿ ಮಣ್ಣು ಕೆದಕುತ್ತ ಕುಳಿತ. ತಲೆ ಎತ್ತಿದಾಗ ಅವನ ಮುಖ ಬೇರೆ ಯಾರದೋ ಆಗಿತ್ತು.

‘ಇಲ್ಲ’ ಎಂದ. ‘ಬರತಿರಲಿಲ್ಲ.’

ಆಕೆ ತಿರುಗಿ ನೋಡಿದಳು.

‘ತಂಬಿಗಿ ಇಡಲಾರದ ನಮ್ಮ ಮನಿಯಿಂದ ಏನೂ ಹೊರಗ ಹೋಗೂದಿಲ್ಲ. ನಮ್ಮಪ್ಪನ ಕಾಲದಿಂದ ಹಂಗ ಐತಿ. ನಿನ್ನ ಹೊಳ್ಳಿ ಕಳಸತಿದ್ದೆ.’

‘ಕೂಸು ಬಿದ್ದೈತಿ ಅಂದಿದ್ರೂ?’

‘ಅಂದಿದ್ರೂ. ಮೊದಲ ತಂಬಿಗಿ ತಾ ಅಂತಿದ್ದೆ. ನೀ ತಂದದ್ದಕ್ಕ ನಾ ಬಂದೆ.’

ನಾನು ‘ಅಬ್ಬಾ!’ ಎಂದು ಕಿರುಚಿದೆ. ಅವನು ನನ್ನತ್ತ ತಿರುಗಲಿಲ್ಲ. ಆಕೆಯ ಮುಖಕ್ಕೆ ರಕ್ತ ಏರುವುದು ಕಾಣುತ್ತಿತ್ತು. ಅಂಚಿನಿಂದ ಒಂದು ಹೆಜ್ಜೆ ಈಚೆ ಇಟ್ಟಳು, ಇನ್ನೊಂದು ಇಟ್ಟಳು, ಆಮೇಲೆ ಓಡಿ ಬಂದು ಅಪ್ಪನ ಮೇಲೆ ಬಿದ್ದಳು. ಮುಖ ಪರಚಿದಳು, ಗಡ್ಡ ಹಿಡಿದು ಎಳೆದಳು. ‘ಕೂಸಿನ ಜೀವಕ್ಕ ಒತ್ತಿ ಕೇಳತಿಯೇನೋ, ನೀ ಮನಷ್ಯಾನೇನೋ!’ ಎಂದು ಕೂಗುತ್ತ ಹೊಡೆದಳು. ಅಲ್ಲಿಯತನಕ ದೂರ ನಿಂತಿದ್ದ ಗಂಡನೂ ಬಂದು ಅಪ್ಪನ ಬೆನ್ನಿಗೆ ಒದ್ದ. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ಆಕೆ ಸುಸ್ತಾಗಿ ಕುಸಿದು, ಮೊದಲ ಸಲ ಬಾಯಿಬಿಟ್ಟು ಅತ್ತಳು. ಹೆಂಗಸರು ಹಿಡಿದು ಮನೆಯೊಳಗೆ ಕರೆದುಕೊಂಡು ಹೋದರು.

ಮನೆಗೆ ಬಂದು ನಾನು ಕೂಗಾಡಿದೆ. ‘ಯಾಕ ಸುಳ್ಳ ಹೇಳಿದಿ? ನಾ ಈಗ ಹೋಗಿ ಎಲ್ಲಾರ ಮುಂದ ಹೇಳತೇನಿ’ ಎಂದು ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ಮುಖದ ರಕ್ತ ಒರೆಸಿಕೊಳ್ಳುತ್ತಿದ್ದ. ನಾವು ಆಡಿದ್ದು ಉರ್ದುವಿನಲ್ಲಿ, ಆದರೆ ಅವನ ಮಾತು ನನ್ನ ತಲೆಯೊಳಗೆ ಊರ ಕನ್ನಡದಲ್ಲೇ ಉಳಿದಿದೆ: ‘ಹೋಗು. ಹೋಗಿ ಹೇಳು. ಆಕಿನ್ನ ನೀನ ಬಾಂವಿಗೆ ನೂಕಿ ಬಾ.’

ನಾನು ಚಪ್ಪಲಿ ಕಳಚಿದೆ.

‘ನನ್ನ ಮ್ಯಾಲ ಸಿಟ್ಟ ಇರೂತನಕ ಬದಕತಾಳ’ ಎಂದ. ‘ಆ ಸಿಟ್ಟ ಇಳಿಸಬ್ಯಾಡ. ನಾ ಸತ್ತ ಮ್ಯಾಲೂ ಇಳಿಸಬ್ಯಾಡ. ಮಾತ ಕೊಡು.’

ಕೊಟ್ಟೆ. ಅಮ್ಮ ಮೂಲೆಯಲ್ಲಿ ಕುಳಿತು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಊರಿನ ಬಾಯಿಯ ಬಗ್ಗೆ ಏನು ಹೇಳಲಿ? ಅಪ್ಪ ಎತ್ತಿದವರ ಮನೆಗಳೇ ಎಷ್ಟಿದ್ದವು! ಅವರಿಗೆ ತಮ್ಮ ಕಣ್ಣಿಗಿಂತ ಆ ಮಾತು ದೊಡ್ಡದಾಯಿತು. ‘ಅವನ ಬಾಯಿಲೆ ಅವನ ಒಪ್ಪಿಕೊಂಡಾನಲ್ರೀ’ ಎಂದರು. ಹಿಂದೆ ಒತ್ತೆ ಇಲ್ಲದೆ ತಮ್ಮ ಮಗಳನ್ನು ಎತ್ತಿಕೊಟ್ಟವನು ಇವನೇ ಎಂದು ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಎದ್ದು ಹೇಳಬಹುದಿತ್ತು. ಅದನ್ನು ಹೇಳಿದರೆ ತಮ್ಮ ಮಗಳು ಬಾವಿಗೆ ಬಿದ್ದ ಮಾತನ್ನೂ ಎತ್ತಬೇಕಾಗುತ್ತಿತ್ತಲ್ಲ. ಥೂ. ಅಪ್ಪ ಹೇಳಿಕೊಟ್ಟ ಸುಳ್ಳುಗಳ ಹಿಂದೆ ಎಲ್ಲರೂ ಬೆಚ್ಚಗೆ ಕುಳಿತರು. ಸಾಬರ ಓಣಿಯ ನಮ್ಮವರು ಮಾತ್ರ ಸುಮ್ಮನಿದ್ದರೇ? ‘ಕೌಮಿನ, ನಮ್ಮ ಮಂದಿಯ ಮರ್ಯಾದಿ ಕಳೆದೆಯಲ್ಲೋ’ ಎಂದು ಮಸೀದಿಯ ಕಟ್ಟೆಯ ಮೇಲೆ ಅಪ್ಪನಿಂದ ದೂರ ಸರಿದು ಕೂತರು.

ಸನ್ಮಾನದ ಸಂಘದವರು ಬಂದರು. ಮೋಟಾರ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. ‘ಕಾಕಾ, ಈ ಸರತೆ ಬ್ಯಾಡ್ರಿ. ಜನಾ ಒಂದೀಟ ಗರಂ ಅದಾರ’ ಎಂದರು. ಅಪ್ಪ, ‘ಹೌದ್ರಿ, ಬ್ಯಾಡ. ಚಹಾ ಕುಡದ ಹೋಗ್ರಿ’ ಎಂದ. ಅವರು ಕುಡಿಯಲಿಲ್ಲ. ಆ ವರ್ಷದ ಶಾಲು ಯಾರಿಗೆ ಹೋಯಿತೋ ನನಗೆ ನೆನಪಿಲ್ಲ, ನೆನಪಿಟ್ಟುಕೊಳ್ಳುವಂಥವರಿಗೆ ಅಲ್ಲ ಎಂಬುದಂತೂ ನಿಜ. ಹೊಲಿಸಿದ ಅಂಗಿಯನ್ನು ದರ್ಜಿಯ ಅಂಗಡಿಯಿಂದ ನಾವು ತರಲೇ ಇಲ್ಲ.

ಕಲಾಯಿಗೆ ಪಾತ್ರೆ ಬರುವುದು ನಿಂತಿತು. ಪಾತಾಳಗರಡಿ ಕೇಳುವವರೂ ಇಲ್ಲ. ಅದೆಲ್ಲ ಹೋಗಲಿ. ಮಳೆಗಾಲದಲ್ಲಿ ಪಕ್ಕದ ಓಣಿಯ ಒಬ್ಬ ಮುದುಕ ಬಾವಿಗೆ ಬಿದ್ದ. ನಮ್ಮ ಮನೆ ದಾಟಿ ಜನ ಓಡುವುದು ಅಪ್ಪನಿಗೆ ಕೇಳಿತು. ಎದ್ದು ಹೋದ. ‘ನೀ ಇಳೀಬ್ಯಾಡ’ ಎಂದು ಅವನ ಎದೆಗೆ ಕೈಯಿಟ್ಟು ತಡೆದರು. ಧಾರವಾಡದಿಂದ ಅಗ್ನಿಶಾಮಕದವರನ್ನು ಕರೆಸಿದ್ದೇವೆ, ಬರುತ್ತಾರೆ ಎಂದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮುದುಕ ಬಹಳ ಹೊತ್ತು ಕಲ್ಲಿನ ಸಂದಿ ಹಿಡಿದುಕೊಂಡು ಇದ್ದನಂತೆ. ‘ಕಾಕಾನ್ನ ಕರೀರಿ’ ಎಂದು ಕೂಗುತ್ತಿದ್ದನಂತೆ. ಅದನ್ನು ಅಪ್ಪನೇ ಕೇಳಿಸಿಕೊಂಡು ಬಂದಿದ್ದ. ಬಂದವನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ. ಒಂದು ಜೀವ ಉಳಿಸಲು ಆಡಿದ ಸುಳ್ಳು ಇನ್ನೊಂದು ಜೀವ ತೆಗೆದಿತ್ತು.

ನನಗೆ ಸವದತ್ತಿ ತಾಲೂಕಿನಲ್ಲಿ ನೌಕರಿ ಸಿಕ್ಕಿತು. ಅಪ್ಪ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಬಾಡಿಗೆ ಮನೆಯ ಮುಂದೆ ದಿನವೆಲ್ಲ ಕೂತಿರುತ್ತಿದ್ದ. ನೀರಿನ ಹತ್ತಿರ ಹೋಗುತ್ತಿರಲಿಲ್ಲ. ನೀರು ತುಂಬಿದ ಹಂಡೆಯನ್ನೂ ಬಗ್ಗಿ ನೋಡುತ್ತಿರಲಿಲ್ಲ. ಕೆಮ್ಮು ಎದೆಗಿಳಿದು, ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟ. ದೊಡವಾಡಕ್ಕೆ ಸುದ್ದಿ ಕಳಿಸಿದೆವು. ಯಾರಾದರೂ ಬರಬಹುದು ಎಂದು ಕೊನೆಯ ತನಕ ಬಾಗಿಲಿನತ್ತ ನೋಡುತ್ತಲೇ ಇದ್ದೆ. ಬರಲಿಲ್ಲ. ಅಪ್ಪನನ್ನು ಎತ್ತಿಕೊಂಡು ಹೋದವರು ಸವದತ್ತಿಯ ಪರಿಚಯವಿಲ್ಲದ ಜನ.

ಆಗ ನನ್ನ ಮನಸ್ಸು ಮುರಿಯಿತು. ಮಾತಂತೆ, ಮಾತು! ಸತ್ತವನಿಗೆ ಕೊಟ್ಟ ಮಾತು ಯಾವನಿಗೆ ಬೇಕು? ಹೋಗಿ ಆ ಹೆಂಗಸಿನ ಎದುರು ನಿಂತು ಎಲ್ಲ ಹೇಳಿಯೇಬಿಡುತ್ತೇನೆ, ಅಪ್ಪನ ಹೆಸರು ತೊಳೆದುಬಿಡುತ್ತೇನೆ, ಆಮೇಲೆ ಆಗುವುದು ಆಗಲಿ ಎಂದು ನಿರ್ಧರಿಸಿದೆ. ಆ ಸಿಟ್ಟಿನಲ್ಲೇ ಒಂದು ರವಿವಾರ ದೊಡವಾಡಕ್ಕೆ ಹೊರಟೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಆಕೆಯೇ ಕಟ್ಟೆಯ ಮೇಲೆ ಕುಳಿತಿದ್ದಳು.

ಮೈ ಕೈ ತುಂಬಿಕೊಂಡಿದ್ದಳು. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ, ಎರಡು ಜಡೆ. ಆಮೇಲೆ ಹುಟ್ಟಿದ ಮಗಳು. ನಾನು ನೇರವಾಗಿ ಹೋಗಿ ಮುಂದೆ ನಿಂತೆ. ಬಾಯಿ ತೆರೆಯುವುದರೊಳಗೆ ಆಕೆಯೇ ಗುರುತು ಹಿಡಿದಳು.

‘ನಿಮ್ಮಪ್ಪ ತೀರಿಕೊಂಡರಂತಲ್ಲ. ಕೇಳಿದೆ’ ಎಂದಳು. ‘ನಾ ಬರಲಿಲ್ಲ. ಸುಳ್ಳ ಯಾಕ ಹೇಳಲಿ, ಸುದ್ದಿ ಕೇಳಿ ನನಗ ಹಗರ ಆತು.’

ಈಗ ಹೇಳುತ್ತೇನೆ ಎಂದುಕೊಂಡೆ.

ಆಕೆ ಮಗಳನ್ನು ಸ್ವಲ್ಪ ಆಚೆ ಕಳಿಸಿ, ದನಿ ತಗ್ಗಿಸಿದಳು. ‘ನಿಮ್ಮನ್ನ ಒಂದ ಮಾತ ಕೇಳಬೇಕಂತ ಭಾಳ ದಿವಸದಿಂದ ಇತ್ತು. ನೀವು ಆ ಮನ್ಯಾಗ ಬೆಳದವ್ರು. ತಂಬಿಗಿ ಇಲ್ಲದ ಖರೇನ ಬರತಿರಲಿಲ್ಲೇನ್ರಿ ನಿಮ್ಮಪ್ಪ? ಒಮ್ಮೊಮ್ಮೆ ನನಗ ಅನಸತೈತಿ, ನನ್ನ ಉಳಸಾಕ ಹಂಗ ಅಂದ್ರೇನೋ ಅಂತ. ಹಂಗ ಅನಿಸಿದ ದಿವಸ ಹಾಸಿಗಿಯಿಂದ ಏಳಾಕ ಆಗೂದಿಲ್ಲ. ಈ ಹುಡುಗಿಗೆ ಒಂದ ತುತ್ತ ಉಣಿಸೂದೂ ಆಗೂದಿಲ್ಲ. ಬಾಂವಿ ನೆಪ್ಪಾಗತೈತಿ.’

ಹುಡುಗಿ ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ತಾಯಿಯ ದನಿ ತಗ್ಗಿದ್ದಕ್ಕೇ ಆ ಮಗುವಿನ ಮುಖದಲ್ಲಿ ಹೆದರಿಕೆ ಬಂದಿತ್ತು. ಅದಕ್ಕೆ ಆ ದಿನಗಳು ಗೊತ್ತಿದ್ದವು.

‘ಖರೇನ, ಅಕ್ಕಾ’ ಎಂದೆ. ‘ಬರತಿರಲಿಲ್ಲ. ನಿಮಗಷ್ಟ ಅಲ್ಲ, ಯಾರ ಸಲುವಾಗೂ ಬರತಿರಲಿಲ್ಲ. ನಮ್ಮಪ್ಪ ಹೊಟ್ಟ್ಯಾಗ ಕರಳ ಇರಲಾರದ ಮನಷ್ಯಾ.’

ಆಕೆ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು. ‘ನನಗೂ ಹಂಗ ಅನಿಸಿತ್ತು ಬಿಡ್ರಿ. ಆ ಮನಷ್ಯಾಗ ನೆಲಾ ಸೈತ ಜಾಗಾ ಕೊಡಬಾರದು’ ಎಂದು ನೆಲಕ್ಕೆ ಉಗುಳಿದಳು. ನಾನು ಹೌದು ಎಂದು ಗೋಣು ಹಾಕಿದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಆಕೆ ಮಗಳ ಕೈ ಹಿಡಿದು ಹತ್ತಿ, ಕಿಟಕಿಯ ಪಕ್ಕ ಕುಳಿತು, ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ಹುಡುಗಿಗೆ ತಿನ್ನಿಸಿದಳು. ಬಸ್ಸು ಹೋಯಿತು.

ನಮ್ಮಲ್ಲಿ ಹೆಣ್ಣುಮಕ್ಕಳು ಮಣ್ಣಿಗೆ ಹೋಗುವ ಪದ್ಧತಿ ಇಲ್ಲ. ಅಪ್ಪನಿಗೆ ನಾನು ಮಣ್ಣು ಕೊಟ್ಟದ್ದು ಅವತ್ತು, ಆ ಬಸ್ ಸ್ಟ್ಯಾಂಡಿನಲ್ಲಿ, ನನ್ನ ಬಾಯಿಂದಲೇ.